ಯಾವ ಏರಿಯಾ ಒಳ್ಳೇದು, ಅಕ್ಕಾ?

ಹೋದ ವಾರ ಹಾಸನದಿಂದ ಫೋನು ಬಂತು. ನಮ್ಮ ಬ್ಯಾಂಕಿಗೆ ಹೋದ ವರ್ಷ ಸೇರಿದ ಹುಡುಗಿ. ತರಬೇತಿಯಲ್ಲಿ ಪರಿಚಯವಾದವಳು, ಆಗಾಗ ಮೆಸೇಜು ಹಾಕುತ್ತಿರುತ್ತಾಳೆ. "ಅಕ್ಕಾ, ದಾವಣಗೆರೆಗೆ ಹಾಕಿದ್ದಾರೆ. ಒಂದನೇ ತಾರೀಖಿಗೆ ಬರಬೇಕು. ಯಾವ ಏರಿಯಾ ಒಳ್ಳೇದು?" ಅಂದಳು. ನಾನು ಯೋಚನೆ ಮಾಡದೆ ಶುರು ಮಾಡಿದೆ. ಪಿ.ಜೆ. ಬಡಾವಣೆ ಆದರೆ ಎಲ್ಲಕ್ಕೂ ಹತ್ತಿರ. ವಿದ್ಯಾನಗರದಲ್ಲಿ ಪಿಜಿಗಳು ಜಾಸ್ತಿ. ಎಂಸಿಸಿ ಬಿ ಬ್ಲಾಕ್ ನೆಮ್ಮದಿ. ಸರಸ್ವತಿ ಬಡಾವಣೆಯನ್ನೂ ಒಮ್ಮೆ ನೋಡು. ಆಕೆ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಅಲ್ಲೆಲ್ಲ ನಮಗೆ ಮನೆ ಕೊಡ್ತಾರಾ ಅಕ್ಕಾ?" ಅಂತ ಕೇಳಿದಳು.

ಆಕೆ ಮುಸ್ಲಿಂ ಹುಡುಗಿ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಾಯಿಗೆ ಬಂದಿದ್ದು ಯಾರೋ ನನಗೆ ಹೇಳಿಕೊಟ್ಟಿದ್ದ ಪಟ್ಟಿ. 2023ರಲ್ಲಿ ನಾನು ಈ ಊರಿಗೆ ಬಂದಾಗ ಜನ ನನ್ನ ಕೈಗಿಟ್ಟ ಪಟ್ಟಿಯನ್ನೇ ಅವಳಿಗೆ ದಾಟಿಸಿದೆ. "ವಿಚಾರಿಸಿ ಹೇಳ್ತೀನಿ" ಅಂತ ಫೋನಿಟ್ಟೆ. ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಅವಳಿಗೆ ಏನು ಹೇಳಲಿ ಅಂತ ಕೂತು ಯೋಚಿಸಿದರೆ, ನಾನು ಮನೆ ಹುಡುಕಿದ ದಿನಗಳಿಗೇ ಮೊದಲು ಹೋಗಬೇಕು.

ಕೇಳಿದವರೆಲ್ಲ ಒಂದೊಂದು ಏರಿಯಾ ಹೇಳಿದರು

ನಾನು ಮಂಡ್ಯ ಕಡೆಯವಳು. ಮೊದಲ ಕೆಲಸ ಬೆಂಗಳೂರಲ್ಲಿ. ವಿಜಯನಗರದ ಒಂದು ಪಿಜಿಯಲ್ಲಿದ್ದೆ, ಎಂ.ಜಿ. ರಸ್ತೆ ಹತ್ತಿರ ಆಫೀಸು. ಅಲ್ಲಿ ಏರಿಯಾ ಅಂದರೆ ಮೆಟ್ರೋ ಸ್ಟೇಷನ್ನು. ಸ್ಟೇಷನ್ನಿಗೆ ಎಷ್ಟು ನಿಮಿಷ ನಡೆಯಬೇಕು ಅನ್ನುವುದರ ಮೇಲೆ ಬಾಡಿಗೆ, ನಿದ್ದೆ, ಊಟ ಎಲ್ಲ. 2023ರ ಜೂನ್‌ನಲ್ಲಿ ಬಡ್ತಿ ಜೊತೆಗೆ ದಾವಣಗೆರೆಗೆ ವರ್ಗ ಆಯಿತು. ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಶುರುವಾಗಿದ್ದೂ ಅದೇ ತಿಂಗಳು. ಪರವಾಗಿಲ್ಲ, ಬೇಕೆಂದಾಗ ಬೆಂಗಳೂರಿಗೆ ಹೋಗಿಬರಬಹುದು ಅಂತ ಧೈರ್ಯ ತಂದುಕೊಂಡಿದ್ದೆ.

ಇಲ್ಲಿಗೆ ಬಂದ ಮೊದಲ ವಾರವೇ ಬೆಂಗಳೂರಿನ ಅಳತೆಕೋಲು ಕೆಲಸಕ್ಕೆ ಬರಲ್ಲ ಅಂತ ಗೊತ್ತಾಯಿತು. 2011ರ ಜನಗಣತಿಯ ಹೊತ್ತಿಗೆ ದಾವಣಗೆರೆಯ ಜನಸಂಖ್ಯೆ ನಾಲ್ಕೂವರೆ ಲಕ್ಷವನ್ನೂ ದಾಟಿರಲಿಲ್ಲ. ಈಗ ಊರು ಬೆಳೆದಿದೆ, ನಿಜ. ಆದರೂ ಸ್ಕೂಟರ್ ಇದ್ದರೆ ನಾನು ಓಡಾಡುವ ಯಾವ ಮೂಲೆಯಿಂದಲೂ ಪಿ.ಬಿ. ರಸ್ತೆಯ ನಮ್ಮ ಶಾಖೆಗೆ ಇಪ್ಪತ್ತು ನಿಮಿಷ ಸಾಕು. ದೂರ ಅನ್ನುವುದು ಲೆಕ್ಕಕ್ಕೇ ಇಲ್ಲ ಅಂದಮೇಲೆ ಏರಿಯಾ ಆರಿಸುವುದು ಯಾವುದರ ಮೇಲೆ? ಸರಿ, ಶಾಖೆಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಒಬ್ಬರು ಪಿ.ಜೆ. ಬಡಾವಣೆ ಬಿಟ್ಟು ಬೇರೆ ಕಡೆ ನೋಡಲೇಬೇಡಿ ಅಂದರು. ಇನ್ನೊಬ್ಬರಿಗೆ ತರಳಬಾಳು ಬಡಾವಣೆಯಷ್ಟು ಚಲೋ ಜಾಗ ಇನ್ನೊಂದಿಲ್ಲ. ಮತ್ತೊಬ್ಬರು ಎಸ್.ಎಸ್. ಬಡಾವಣೆ, ರಸ್ತೆ ಅಗಲ, ಗಾಳಿ ಬೆಳಕು ಚೆನ್ನಾಗಿದೆ ಅಂದರು. ಕ್ಯಾಶ್ ಕೌಂಟರಿನ ಹಿರಿಯರು ಮಾತ್ರ, "ಮೇಡಂ, ಹಳೇ ಊರಲ್ಲಿ ಸಿಗೋ ಸುಖ ಎಲ್ಲೂ ಸಿಗಲ್ಲ. ಮನೆ ಬಾಗಿಲಿಗೆ ಎಲ್ಲಾ ಬರ್ತದೆ" ಅಂದರು. ಅವರ ಮನೆ ಚೌಕಿಪೇಟೆಯ ಹತ್ತಿರ.

ಎಲ್ಲರೂ ಮನಸ್ಸಿಟ್ಟೇ ಹೇಳಿದರು. ಆರೇಳು ತಿಂಗಳು ಕಳೆದು, ಅವರ ಮನೆಗಳಿಗೆ ಹೋಗಿಬಂದು, ಅಕ್ಕಪಕ್ಕದವರನ್ನು ನೋಡಿದ ಮೇಲೆ ನನಗೆ ಅರ್ಥವಾಗಿದ್ದು ಬೇರೆ. ಪ್ರತಿಯೊಬ್ಬರೂ ತಮ್ಮವರು ಜಾಸ್ತಿ ಇರುವ ಜಾಗದ ಹೆಸರು ಹೇಳಿದ್ದರು. ಅವರ ಮಠ, ಅವರ ಗುಡಿ, ಅವರ ಮದುವೆ ಛತ್ರ ಹತ್ತಿರ ಇರುವ ಕಡೆ. ಅದನ್ನು ತಪ್ಪು ಅಂತ ನಾನು ಹೇಳಲಾರೆ. ರಾತ್ರಿ ಎದೆನೋವು ಬಂದರೆ ಕದ ತಟ್ಟಲು ಪರಿಚಯದವರು ಪಕ್ಕದಲ್ಲಿರಲಿ ಅನ್ನುವ ಆಸೆ ಯಾರಿಗಿಲ್ಲ? ಆದರೆ ಹೊಸದಾಗಿ ಊರಿಗೆ ಬಂದವಳು "ಒಳ್ಳೆ ಏರಿಯಾ ಯಾವುದು" ಅಂತ ಕೇಳಿದಾಗ ಸಿಗುವ ಉತ್ತರದ ಒಳಗೆ "ನಮ್ಮವರ ಏರಿಯಾ" ಅನ್ನುವುದು ಅಡಗಿರುತ್ತದೆ. ಹೇಳುವವರಿಗೂ ಅದು ಕಾಣುವುದಿಲ್ಲ.

ಊರಿನ ಹೆಸರುಗಳನ್ನೇ ನೋಡಿ. ಮಂಡಿಪೇಟೆ, ಕಾಯಿಪೇಟೆ, ಹಗೇದಿಬ್ಬ. ಹಗೇವು ಅಂದರೆ ಕಾಳು ತುಂಬಿಡುತ್ತಿದ್ದ ನೆಲದ ಗುಂಡಿ. ಇವೆಲ್ಲ ಕಾಳುಕಡಿ, ವ್ಯಾಪಾರ ನೆಚ್ಚಿಕೊಂಡ ಊರಿನ ಹೆಸರುಗಳು. ಆಮೇಲೆ ಹತ್ತಿ ಗಿರಣಿಗಳ ಕಾಲ ಬಂತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ. ಡಿಸಿಎಂ ಟೌನ್‌ಶಿಪ್ ಅನ್ನುವಾಗ ಆ ಮೂರಕ್ಷರ ದಾವಣಗೆರೆ ಕಾಟನ್ ಮಿಲ್ ಅಂತ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಗಿರಣಿ ಕಾರ್ಮಿಕರ ಸಂಘಗಳ ಕಾವು ಎಷ್ಟಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಇಲ್ಲಿಂದ ಶಾಸಕರಾದರು. ಲೆನಿನ್ ನಗರ, ಕಾರ್ಲ್ ಮಾರ್ಕ್ಸ್ ನಗರ ಅಂತ ಹೆಸರಿರುವುದು ಸುಮ್ನೆ ಅಲ್ಲ. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಬಂದವು, ಅವುಗಳ ಹಿಂದೆ ಓದುವ ಮಕ್ಕಳು ಬಂದರು. ಕೆಲಸ ಹುಡುಕಿ ಬಂದ ಗಿರಣಿ ಹುಡುಗನೂ ಒಂದು ದಿನ ಯಾರನ್ನೋ "ಎಲ್ಲಿ ಉಳ್ಕೊಳ್ಳಿ ಅಣ್ಣಾ?" ಅಂತ ಕೇಳಿಯೇ ಇರಬೇಕು. ಅವನ ಊರಿನವರು, ಅವನ ಜನ ಎಲ್ಲಿದ್ದರೋ ಅಲ್ಲಿಗೆ ಅವನನ್ನು ಕಳಿಸಿರುತ್ತಾರೆ. ನಾವು ಏರಿಯಾ ಅಂತ ಕರೆಯುವುದು ಹೀಗೆ ಒಬ್ಬರ ಹಿಂದೆ ಒಬ್ಬರು ಬಂದು ಕೂಡಿಕೊಂಡಿದ್ದು.

"ನೀವು ಯಾವ ಪೈಕಿ?"

ನಾನು ಮೊದಲು ಇಷ್ಟಪಟ್ಟಿದ್ದು ಒಂದು ಹೊಸ ಬಡಾವಣೆಯ ಮನೆ. ಮೊದಲ ಮಹಡಿ, ಎರಡು ಕೋಣೆ, ಅಡುಗೆಮನೆ ಕಿಟಕಿಯಿಂದ ಬೇವಿನ ಮರ ಕಾಣುತ್ತಿತ್ತು. ಮನೆ ಒಡತಿ ಒಳ್ಳೆಯ ಹೆಂಗಸು. ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ಜೊತೆಗೆ ಒಂದು ಬಟ್ಟಲು ಖಾರ ಮಂಡಕ್ಕಿ ಇಟ್ಟರು. ಬ್ಯಾಂಕ್ ಕೆಲಸ ಅಂದಿದ್ದಕ್ಕೆ ಖುಷಿಪಟ್ಟರು. "ಒಬ್ಬರೇನಾ? ಮದುವಿ ಆಗಿಲ್ವಾ?" ಅಂದರು. ಅದಕ್ಕೂ ಪರವಾಗಿಲ್ಲ, ತಿಂಗಳಿಗೊಮ್ಮೆ ಅಪ್ಪ ಅಮ್ಮ ಬಂದು ಹೋಗುತ್ತಾರೆ ಅಂದೆ. ಒಪ್ಪಿದರು. ಅಡ್ವಾನ್ಸ್ ಎಷ್ಟು ಅನ್ನುವ ತನಕ ಮಾತು ಬಂತು. ಆಗ ಅವರು, "ಅಂದಂಗೆ, ನೀವು ಯಾವ ಪೈಕಿ?" ಅಂತ ಕೇಳಿದರು.

ನನಗೆ ಆ ಮಾತು ಹೊಸದು. ನಮ್ಮ ಕಡೆ "ನೀವು ಏನ್ ಜನ?" ಅಂತಾರೆ. ಯಾವ ಪೈಕಿ ಅಂದರೆ ಏನು ಅಂತ ತಿಳಿಯದೆ, "ಮಂಡ್ಯದವರು" ಅಂದೆ. ಅವರು ಮುಗುಳ್ನಕ್ಕು, "ಊರಲ್ಲ ಕಣವ್ವಾ, ಜನ ಯಾವುದು ಅಂತ" ಅಂದರು. ಹೇಳಿದೆ. ಅವರ ಮುಖದಲ್ಲಿ ಸಿಟ್ಟೇನೂ ಬರಲಿಲ್ಲ. ಮಂಡಕ್ಕಿ ಬಟ್ಟಲನ್ನು ಒಂದು ಚೂರು ನನ್ನ ಕಡೆ ಸರಿಸಿ, "ತಿನ್ನಿ, ತಿನ್ನಿ" ಅಂದರು. ಆಮೇಲೆ, "ನಮ್ಮ ಮನಿಯವರನ್ನ ಒಂದ್ಮಾತು ಕೇಳಿ ಹೇಳ್ತೀನಿ" ಅಂದರು. ಫೋನ್ ಬರಲಿಲ್ಲ. ಮೂರು ದಿನ ಬಿಟ್ಟು ನಾನೇ ಮಾಡಿದೆ. ಮಾಂಸ ತಿನ್ನದವರಿಗೆ ಕೊಡೋಣ ಅಂದುಕೊಂಡಿದ್ದೇವೆ, ಬೇಜಾರು ಮಾಡ್ಕೋಬೇಡಿ ಅಂದರು.

ಅವತ್ತು ಆದ ನೋವು ಈಗಲೂ ನೆನಪಿದೆ. ಬೈದು ಕಳಿಸಿದ್ದರೆ ಅಷ್ಟು ಅನ್ನಿಸುತ್ತಿರಲಿಲ್ಲವೇನೋ. ಚಹಾ ಕೊಟ್ಟ ಕೈಯೇ ಇಲ್ಲ ಅಂದಿತು. ನಾನು ಮನೆ ಆರಿಸಲು ಬಂದಿದ್ದೇನೆ ಅಂದುಕೊಂಡಿದ್ದೆ. ಅವರು ನನ್ನನ್ನು ಆರಿಸುತ್ತಿದ್ದರು. ಅದಾದ ಮೇಲೆ ಇನ್ನೂ ಎರಡು ಮನೆಯಲ್ಲಿ ಇದೇ ಪ್ರಶ್ನೆ ಬಂತು. ಮೂರನೇ ಸಲ ಕೇಳುವ ಹೊತ್ತಿಗೆ ಉತ್ತರ ನಾಲಿಗೆ ತುದಿಯಲ್ಲಿ ಸಿದ್ಧವಾಗಿತ್ತು. ಅವರು ಕೇಳುವ ಮೊದಲೇ ಹೇಳಿಬಿಟ್ಟೆ. ಎಷ್ಟು ಬೇಗ ರೂಢಿಯಾಗಿಬಿಟ್ಟಿತು ಅನ್ನುವುದು ನೆನೆಸಿಕೊಂಡರೆ ಈಗ ಸಂಕಟವಾಗುತ್ತದೆ.

ನಳ ಬಂತು

ಕೊನೆಗೆ ಮನೆ ಸಿಕ್ಕಿದ್ದು ನಿಟ್ಟುವಳ್ಳಿಯಲ್ಲಿ. ಯಾರ ಪಟ್ಟಿಯಲ್ಲೂ ಇಲ್ಲದ ಹೆಸರು. ನಮ್ಮ ಶಾಖೆಗೆ ಹೂವು ತಂದುಕೊಡುವ ಅಮ್ಮ ಹೇಳಿ ಕಳಿಸಿದ ಮನೆ. ಕೆಳಗೆ ಎರಡು ಮನೆ, ಮೇಲೆ ಒಂದು. ಕೆಳಗಿನ ಒಂದರಲ್ಲಿ ಒಡತಿ ಅಜ್ಜಿ. ಅವರ ಯಜಮಾನರು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಗಿರಣಿ ಕೆಲಸಕ್ಕೆ ಬಂದವರು. ಗಿರಣಿ ಮುಚ್ಚುವ ಹೊತ್ತಿಗೆ ಈ ಜಾಗವೊಂದೇ ಕೈಯಲ್ಲಿತ್ತಂತೆ. ಮನೆ ಒಂದೊಂದು ಕೋಣೆಯಾಗಿ ಮೇಲೆದ್ದಿದ್ದು ಗೋಡೆ ನೋಡಿದರೇ ಗೊತ್ತಾಗುತ್ತದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಲಿನ ಮನಿ ಬ್ಯಾಡವ್ವಾ, ಬ್ಯಾಸಗಿಗೆ ಬೆಂದು ಹೋಗ್ತೀಯ. ಕೆಳಗಿಂದೇ ತಗೋ" ಅಂದರು. ಮಾರ್ಚ್ ಬಂದ ಮೇಲೆ ಆ ಮಾತಿನ ಬೆಲೆ ಗೊತ್ತಾಯಿತು. ಬಯಲು ಸೀಮೆಯ ಬಿಸಿಲಿಗೆ ಕಾದ ಆರ್‌ಸಿಸಿ ತಾರಸಿ ರಾತ್ರಿ ಹನ್ನೊಂದಾದರೂ ತಣ್ಣಗಾಗುವುದಿಲ್ಲ.

ಅಜ್ಜಿ ಆಮೇಲೆ ಹೇಳಿದ ಮಾತು: "ಇಲ್ಲಿ ನಳ ಬರೋ ದಿನ ಗೊತ್ತಿರಬೇಕು. ಅದೊಂದು ಗೊತ್ತಾದ್ರೆ ಬಾಳೇವು ಸಲೀಸು." ನಮ್ಮ ಕಡೆ ನಲ್ಲಿ, ಇಲ್ಲಿ ನಳ. ನಳ ಬರುವುದು ಅಂದರೆ ನೀರು ಬರುವುದು. ಬೆಂಗಳೂರಿನ ಪಿಜಿಯಲ್ಲಿ ನೀರು ಎಲ್ಲಿಂದ ಬರುತ್ತದೆ ಅಂತ ನಾನು ಒಂದು ದಿನವೂ ಯೋಚಿಸಿದವಳಲ್ಲ. ಇಲ್ಲಿ ಎಲ್ಲರಿಗೂ ಗೊತ್ತು. ತುಂಗಭದ್ರೆಯಿಂದ ರಾಜನಹಳ್ಳಿಯಲ್ಲಿ ಎತ್ತುವ ನೀರು, ಭದ್ರಾ ನಾಲೆಯಿಂದ ಕುಂದವಾಡ ಕೆರೆಗೂ ಟಿವಿ ಸ್ಟೇಷನ್ ಕೆರೆಗೂ ತುಂಬಿಸುವ ನೀರು. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುವವರು ಸೂರ್ಯೋದಯಕ್ಕಿಂತ ಮೊದಲು ನೀರಿನ ಮಟ್ಟ ನೋಡುತ್ತಾರೆ. ಇಪ್ಪತ್ತನಾಲ್ಕು ಗಂಟೆ ನೀರು ಕೊಡಲು ಜಲಸಿರಿ ಅಂತ ಯೋಜನೆ ಇದೆ, ಪೈಪು ಮೀಟರು ಎಲ್ಲ ಬಂದಿವೆ. ಆದರೆ ನಮ್ಮ ಓಣಿಯಲ್ಲಿ ಅವತ್ತು ನಡೆಯುತ್ತಿದ್ದುದು ಹಳೇ ಲೆಕ್ಕವೇ.

2024ರ ಬೇಸಿಗೆ ನಾನು ಮರೆಯಲಾರೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಭದ್ರಾ ಜಲಾಶಯ ತುಂಬಿರಲಿಲ್ಲ. ನಳ ಬರುವ ದಿನಗಳ ನಡುವಿನ ಅಂತರ ಹೆಚ್ಚುತ್ತಾ ಹೋಯಿತು. ಏಪ್ರಿಲ್‌ನ ಒಂದು ರಾತ್ರಿ, ಎರಡು ಗಂಟೆ ಇರಬೇಕು, ಕಿಟಕಿ ಬಡಿದ ಸದ್ದು. "ಏಳವ್ವಾ, ನಳ ಬರ್ತೈತೆ." ಬರ್ತೈತೆ ಅಂದರು, ಬಂತು ಅನ್ನಲಿಲ್ಲ. ಹೊರಗೆ ಬಂದು ನೋಡಿದರೆ ಅಜ್ಜಿ ಅಂಗಳದ ನಳದ ಬಾಯಿಗೆ ಅಂಗೈ ಹಿಡಿದು ಕೂತಿದ್ದಾರೆ. ನನ್ನ ಕೈಯನ್ನೂ ಎಳೆದು ಅಲ್ಲಿಟ್ಟರು. ನೀರಿಲ್ಲ. ಆದರೆ ಅಂಗೈಗೆ ತಣ್ಣನೆ ಗಾಳಿ ತಾಗಿತು. ಒಳಗೆಲ್ಲೋ ಉಸಿರೆಳೆದ ಹಾಗೆ ಸಣ್ಣ ಸುಯ್ ಸದ್ದು. "ಗಾಳಿ ಬಂತು ಅಂದ್ರೆ ನೀರು ಹಿಂದೇನೇ ಐತೆ" ಅಂದರು. ಹತ್ತು ನಿಮಿಷ ಹಾಗೇ ಕೂತಿದ್ದೆವು. ಮೊದಲು ಒಂದು ಕೆಮ್ಮು, ಆಮೇಲೆ ಕೆಂಪು ನೀರು, ಅದನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಇಟ್ಟರು. ನೀರು ತಿಳಿಯಾದ ಮೇಲೆ ಬಿಳಿ ಪಂಚೆ ತುಂಡು ಕಟ್ಟಿ ಕುಡಿಯುವ ಕೊಡಗಳನ್ನು ತುಂಬಿಸಿದರು. ಕೊನೆಗೆ ಪೈಪನ್ನು ನೆಲದಡಿಯ ಸಂಪಿಗೆ ಬಿಟ್ಟರು. ಪೈಪು ನಳಕ್ಕೆ ಕೂರುವ ಕಡೆ ಸೈಕಲ್ ಟ್ಯೂಬಿನ ತುಂಡು ಬಿಗಿದಿತ್ತು.

ಅಷ್ಟರಲ್ಲಿ ಓಣಿ ತುಂಬಾ ದೀಪ. ಎದುರುಮನೆಯವರು ಒಳಗೆ ಮಲಗಿದ್ದಾರೆ ಅಂತ ಅಜ್ಜಿಗೆ ಗೊತ್ತು, ಹೋಗಿ ಅವರ ಕದವನ್ನೂ ಬಡಿದರು. ಮೂಲೆ ಮನೆಯ ಹುಡುಗ ರಾತ್ರಿ ಪಾಳಿಗೆ ಹೋಗಿದ್ದ. ಅವನ ಗೇಟು ತೆಗೆದು ಅವನ ಸಂಪಿಗೂ ಯಾರೋ ಪೈಪು ಬಿಟ್ಟರು. ಆ ಓಣಿಯಲ್ಲಿ ಎಷ್ಟೋ ಬಗೆಯ ಜನ ಇದ್ದಾರೆ. ಗಿರಣಿ ಕಾಲದಲ್ಲಿ ಬೇರೆ ಬೇರೆ ಕಡೆಯಿಂದ ಬಂದು ಸಿಕ್ಕ ಜಾಗದಲ್ಲಿ ನಿಂತವರು. ಅಜ್ಜಿ ಮನೆ ಕೊಡುವಾಗ ನನ್ನನ್ನು ಯಾವ ಪೈಕಿ ಅಂತ ಕೇಳಲಿಲ್ಲ. ಕೇಳಲಿಲ್ಲ ಅನ್ನುವುದನ್ನು ನಾನು ಬಹಳ ದಿನ ಗಮನಿಸಿಯೇ ಇರಲಿಲ್ಲ. ಈ ಬರಹ ಬರೆಯುವಾಗ ಹೊಳೆಯಿತು.

ಹಾಗಂತ ನಿಟ್ಟುವಳ್ಳಿಯನ್ನು ಹೊಗಳಲು ಇದನ್ನೆಲ್ಲ ಹೇಳುತ್ತಿಲ್ಲ. ರಸ್ತೆ ಕಿರಿದು, ಕಾರು ನಿಲ್ಲಿಸಲು ಜಾಗ ಇಲ್ಲ, ಹಬ್ಬ ಬಂದರೆ ಮೈಕಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕು. ಮನೆಯಿಂದಲೇ ಕೆಲಸ ಮಾಡುವವರಿಗೆ ಕಷ್ಟ ಆಗಬಹುದು. ನನ್ನ ಗೆಳತಿಯೊಬ್ಬಳು ಎಸ್.ಎಸ್. ಬಡಾವಣೆಯಲ್ಲಿ ಇದ್ದಾಳೆ, ಅಗಲ ರಸ್ತೆ, ಸಂಜೆ ಆರಾಮಾಗಿ ನಡೆದಾಡುತ್ತಾಳೆ. ನೆಮ್ಮದಿಯಾಗಿದ್ದಾಳೆ.

ಆ ಕಡೆ

ಬಂದ ಹೊಸತರಲ್ಲಿ ಪಟ್ಟಿಯ ಜೊತೆಗೆ ಇನ್ನೊಂದು ಮಾತೂ ಸಿಕ್ಕಿತ್ತು. "ಆ ಕಡೆ ಮಾತ್ರ ನೋಡಬೇಡಿ." ಆ ಕಡೆ ಅಂದರೆ ಆಜಾದ್ ನಗರ, ಬಾಷಾ ನಗರ. ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಬೇರೆಯವರು ಮನೆ ಹುಡುಕುವಾಗ ನಾನೂ ಅದೇ ಮಾತನ್ನು ಹೇಳಿದ್ದೇನೆ. ಒಂದು ಸಲವೂ ಆ ರಸ್ತೆಯಲ್ಲಿ ನಡೆಯದೆ ಹೇಳಿದ್ದೇನೆ. ಇದನ್ನು ಬರೆಯುವುದು ನನಗೆ ಸುಲಭವಾಗಿಲ್ಲ.

ಆಮೇಲೆ ಸಾಲದ ತಪಾಸಣೆಗೆ ಅಂತ ಆ ಕಡೆಯೇ ಇರುವ ಒಂದು ಮಂಡಕ್ಕಿ ಭಟ್ಟಿಗೆ ಹೋಗಬೇಕಾಯಿತು. ಸಂಜೆಯಾದರೆ ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ನಿಂತು ಮಿರ್ಚಿ ಮಂಡಕ್ಕಿ ತಿನ್ನದ ದಾವಣಗೆರೆಯವರು ಯಾರಿದ್ದಾರೆ? ಆ ಮಂಡಕ್ಕಿ ಹುಟ್ಟುವ ಜಾಗಕ್ಕೆ ನಾನು ಹೋಗಿದ್ದು ಅವತ್ತೇ ಮೊದಲು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಿಡಿಸಿ ಇಟ್ಟಿರುತ್ತಾರೆ. ಆ ಅಕ್ಕಿಯನ್ನು ಕಾದ ಮರಳಿಗೆ ಹಾಕಿ ಆಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಬೆಳ್ಳಗೆ ಮೇಲೇಳುತ್ತದೆ. ಒಲೆ ಮುಂದೆ ನಿಂತವನ ಬನಿಯನ್ನು ಬೆವರಿಗೆ ಮೈಗೆ ಅಂಟಿತ್ತು. ಜರಡಿಯಲ್ಲಿ ಮರಳು ಕೆಳಗೆ ಬೀಳುತ್ತಿತ್ತು, ಮಂಡಕ್ಕಿ ಉಳಿಯುತ್ತಿತ್ತು. ಭಟ್ಟಿಯ ಮಾಲೀಕರು ಒಂದು ಮುಷ್ಟಿ ಬಿಸಿ ಮಂಡಕ್ಕಿ ನನ್ನ ಕೈಗೆ ಹಾಕಿ, "ಇಷ್ಟು ಬಿಸಿ ನಿಮಗೆ ಎಲ್ಲೂ ಸಿಗಲ್ಲ ಮೇಡಂ" ಅಂದರು. ಹೌದು, ಅಂಥ ರುಚಿ ನಾನು ತಿಂದಿರಲಿಲ್ಲ.

ಭಟ್ಟಿಗಳ ಹೊಗೆ ನಿಜ. ತಾರಸಿಯಲ್ಲಿ ಒಣಗಿಸಿದ ಬಟ್ಟೆ ಮೇಲೆ ಮಸಿ ಕೂರುವುದು ನಿಜ. ಅಲ್ಲಿನ ಹೆಂಗಸರೇ ಅದನ್ನು ಹೇಳಿಕೊಂಡರು, ಮಕ್ಕಳ ಕೆಮ್ಮಿನ ಬಗ್ಗೆ ಹೇಳಿಕೊಂಡರು. ಉಸಿರಾಟದ ತೊಂದರೆ ಇರುವವರು ಭಟ್ಟಿ ಪಕ್ಕ ಮನೆ ಮಾಡಬೇಡಿ ಅಂತ ನಾನೇ ಹೇಳುತ್ತೇನೆ. ಆದರೆ "ಆ ಕಡೆ ಬೇಡ" ಅಂದವರು ಯಾರೂ ಹೊಗೆಯ ಮಾತೆತ್ತಿರಲಿಲ್ಲ. ಅಲ್ಲಿ ಇರುವವರ ಬಗ್ಗೆಯೂ ಅವರಿಗೆ ಕಾಳಜಿ ಇರಲಿಲ್ಲ. ಅವರು ಹೇಳಿದ್ದು ಬೇರೆ ಏನನ್ನೋ. ಅದನ್ನು ನಾನು ಕೇಳಿಸಿಕೊಂಡೆ, ಅರ್ಥವಾದ ಮೇಲೂ ದಾಟಿಸಿದೆ.

ಇವತ್ತು

ಹಾಸನದ ಹುಡುಗಿಗೆ ನಿನ್ನೆ ಫೋನ್ ಮಾಡಿದೆ. ಪಟ್ಟಿ ಹೇಳಲಿಲ್ಲ. ಶನಿವಾರ ರಾತ್ರಿ ನನ್ನ ಮನೆಗೆ ಬಾ, ಭಾನುವಾರ ಇಡೀ ಸ್ಕೂಟರಲ್ಲಿ ಸುತ್ತೋಣ ಅಂದೆ. ಮನೆ ಇಷ್ಟವಾದರೆ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ದೊಡ್ಡದು, ಬೋರ್ ಇದೆಯಾ ಅಂತ ಮೊದಲು ಕೇಳೋಣ. ರಾತ್ರಿ ಎಂಟಕ್ಕೆ ಮತ್ತೊಮ್ಮೆ ಅದೇ ರಸ್ತೆಗೆ ಹೋಗಿ, ಬೀದಿ ದೀಪ ಉರಿಯುತ್ತಾ, ಅಂಗಡಿ ತೆರೆದಿರುತ್ತಾ, ಹೆಂಗಸರು ಹೊರಗೆ ಓಡಾಡ್ತಾರಾ ನೋಡೋಣ. ಪಿ.ಜೆ. ಬಡಾವಣೆಗೂ ಹೋಗೋಣ, ಆಜಾದ್ ನಗರಕ್ಕೂ ಹೋಗೋಣ. "ಯಾವ ಪೈಕಿ" ಅಂತ ಕೇಳಿದರೆ ಪಕ್ಕದಲ್ಲಿ ನಾನಿರ್ತೀನಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಅಕ್ಕಾ, ಹಾಸನದಿಂದ ಬರ್ತಾ ಏನಾದ್ರೂ ತರಲಾ?" ಅಂದಳು.

ಒಂದು ವಿಷಯ ಅವಳಿಗೆ ಹೇಳಿಲ್ಲ. ನಮ್ಮ ಮೇಲಿನ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ. ಬೇಸಿಗೆಯಲ್ಲಿ ಬಿಸಿ, ನಿಜ. ಆದರೂ ಎರಡು ಕೋಣೆ, ಬಾಡಿಗೆ ಕಮ್ಮಿ, ನೀರಿನ ದಿನ ಎಬ್ಬಿಸಲು ಕೆಳಗೆ ನಾವಿದ್ದೇವೆ. ಅಜ್ಜಿಯನ್ನು ಇನ್ನೂ ಕೇಳಿಲ್ಲ. ನಾಲ್ಕು ದಿನದಿಂದ ಕೇಳಬೇಕು ಅಂತ ಹೋಗುತ್ತೇನೆ, ಬೇರೇನೋ ಮಾತಾಡಿ ಬರುತ್ತೇನೆ. ನನ್ನನ್ನು ಕೇಳದ ಪ್ರಶ್ನೆಯನ್ನು ಅಜ್ಜಿ ಅವಳ ಬಗ್ಗೆ ಕೇಳಿಬಿಟ್ಟರೆ ಅನ್ನುವ ಭಯ. ಕಿಟಕಿ ಬಡಿದು ಎಬ್ಬಿಸುವ ಆ ಕೈ ಮೇಲೆ ನನಗೆ ಇರುವ ಪ್ರೀತಿ ದೊಡ್ಡದು, ಅದಕ್ಕೇ ಭಯವೂ ದೊಡ್ಡದು.

ಇವತ್ತು ರಾತ್ರಿ ನಳದ ದಿನ. ಗಾಳಿ ಬರುವ ತನಕ ಅಜ್ಜಿ ಅಂಗಳದ ಕಟ್ಟೆ ಮೇಲೆ ಕೂತಿರುತ್ತಾರೆ. ನಾನೂ ಹೋಗಿ ಕೂರುತ್ತೇನೆ. ಅವಳ ಹೆಸರು ಹೇಳಿಯೇ ಕೇಳುತ್ತೇನೆ.